ಬಿ.ಎಡ್. ಆದವರು ಮುಖ್ಯ ಶಿಕ್ಷಕರಾಗಲು ಮತ್ತೆ ಯಾಕೆ ಓದಬೇಕು? ಅದರಲ್ಲಿ ತಂತ್ರಜ್ಞಾನಕ್ಕೇನು ಕೆಲಸ?

ಕಡ್ಡಾಯ ಅಂತಲ್ಲ. ಕೇಂದ್ರೀಯ ವಿದ್ಯಾಲಯದ ಪ್ರಿನ್ಸಿಪಾಲ್ ಹುದ್ದೆಗೂ ಎಂ.ಎಡ್. (ಬಿ.ಎಡ್. ನಂತರದ ಶಿಕ್ಷಣ ಪದವಿ) ಬೇಕಿಲ್ಲ, ಸ್ನಾತಕೋತ್ತರ ಪದವಿ, ಬಿ.ಎಡ್., ಅನುಭವ ಕೇಳುತ್ತಾರೆ. ಆದರೂ ಓದಿದರೆ ಒಳ್ಳೆಯದು. ಬಿ.ಎಡ್. ಕಲಿಸುವುದು ಮಕ್ಕಳಿಗೆ ಪಾಠ ಹೇಳುವುದನ್ನು. ಮುಖ್ಯ ಶಿಕ್ಷಕರ ಕೆಲಸ ಜಾಸ್ತಿ ದೊಡ್ಡವರ ಜೊತೆ. ಇನ್ನೊಬ್ಬ ಮೇಷ್ಟ್ರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಅವರಿಗೆ ಬೇಜಾರಾಗದ ಹಾಗೆ ‘ಮಕ್ಕಳಿಗೂ ಸ್ವಲ್ಪ ಮಾತಾಡಲು ಬಿಡಿ ಸಾರ್’ ಅನ್ನಬೇಕು. ಅದು ಸುಮ್ನೆ ಬರುವ ವಿದ್ಯೆ ಅಲ್ಲ.

ಇನ್ನು ತಂತ್ರಜ್ಞಾನ. ಸ್ಮಾರ್ಟ್ ಬೋರ್ಡ್ ಬಟ್ಟೆ ಹೊದ್ದು ಕೂತಿರುವ ಶಾಲೆ ನೋಡಿದ್ದೀರಿ ಅಲ್ವಾ? ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ. ರೂಮಿನ ಬೀಗದ ಕೈ ಯಾರ ಹತ್ತಿರ, ಯಾವ ತರಗತಿಗೆ ಯಾವ ಪೀರಿಯಡ್, ಕರೆಂಟ್ ಹೋದರೆ ಏನು, ಇದನ್ನು ಯಾರೂ ತೀರ್ಮಾನಿಸಿರುವುದಿಲ್ಲ. ತೀರ್ಮಾನಿಸಬೇಕಾದವರು ಮುಖ್ಯ ಶಿಕ್ಷಕರೇ. ಶಿಕ್ಷಣ ತಂತ್ರಜ್ಞಾನ ಅಂದರೆ ಕಂಪ್ಯೂಟರ್ ಕೋರ್ಸ್ ಅಲ್ಲ. ಯಾವ ಪಾಠಕ್ಕೆ ವಿಡಿಯೊ ಬೇಕು, ಯಾವುದಕ್ಕೆ ಸೀಮೆಸುಣ್ಣವೇ ಸಾಕು ಅಂತ ತಿಳಿಯುವುದು.

2015ರಲ್ಲಿ ಎಂ.ಎಡ್. ಎರಡು ವರ್ಷದ ಕೋರ್ಸ್ ಆಯಿತು. ಕೆಲಸ ಬಿಡಲು ಆಗದವರಿಗೆ ದೂರಶಿಕ್ಷಣ ಕೊಡುವ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಶಾಲಾ ನಾಯಕತ್ವಕ್ಕೊಂದು, ಶಿಕ್ಷಣ ತಂತ್ರಜ್ಞಾನಕ್ಕೊಂದು ಸ್ನಾತಕೋತ್ತರ ಡಿಪ್ಲೊಮಾ ಇದೆ. ನನ್ನನ್ನು ಕೇಳಿದರೆ, ಮೊದಲು ನಾಯಕತ್ವದ್ದನ್ನು ಓದಿ.