ಆಪ್ತಸಲಹೆ ಪ್ರಕರಣ: ಬಿ.ಎಸ್ಸಿ.ಬಿ.ಎಡ್. ಸೇರುವ ಮುನ್ನ ವಿಷಯಗಳ ಲೆಕ್ಕ

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರಗಳನ್ನು ಬಿಟ್ಟಿದೆ.)

ಹುಡುಗಿಗೆ 18 ವರ್ಷ. ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಓದಿದ್ದಾಳೆ. ನಾಲ್ಕರಲ್ಲಿ ರಸಾಯನಶಾಸ್ತ್ರದ ಅಂಕ ಎಲ್ಲಕ್ಕಿಂತ ಹೆಚ್ಚು, ಗಣಿತದ್ದು ಎಲ್ಲಕ್ಕಿಂತ ಕಡಿಮೆ. ನೀಟ್ ಬರೆಯುವ ಮನಸ್ಸಿಲ್ಲ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಬೇಕೆಂಬ ಆಸೆ ಎರಡು ವರ್ಷದಿಂದ ಗಟ್ಟಿಯಾಗಿದೆ. ಜೊತೆಗೆ ಬಂದ ತಂದೆ, ಪದವಿ ಮತ್ತು ಬಿ.ಎಡ್. ಒಟ್ಟಿಗೇ ಮುಗಿಯುವ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಬಿ.ಎಸ್ಸಿ.ಬಿ.ಎಡ್. ಬಗ್ಗೆ ಯಾರಿಂದಲೋ ಕೇಳಿದ್ದರು. "ಮೂರು ವರ್ಷ ಡಿಗ್ರಿ, ಎರಡು ವರ್ಷ ಬಿ.ಎಡ್. ಅಂದ್ರೆ ಐದು. ಇದರಲ್ಲಿ ನಾಲ್ಕಕ್ಕೇ ಮುಗಿಯುತ್ತಲ್ಲ ಮೇಡಂ? ಪಿಸಿಎಂ ತಗೊಳ್ಳಲಿ, ಗಣಿತದವರಿಗೆ ಬೇಡಿಕೆ ಜಾಸ್ತಿ" ಎಂಬುದು ಅವರ ಮಾತು. ಮಗಳು ತಲೆ ತಗ್ಗಿಸಿ ಕೂತಿದ್ದಳು.

ವರ್ಷಗಳ ಲೆಕ್ಕದಲ್ಲಿ ತಂದೆ ತಪ್ಪಿರಲಿಲ್ಲ. ಶಿಕ್ಷಕ ತರಬೇತಿ ಕೋರ್ಸುಗಳನ್ನು ನಿಯಂತ್ರಿಸುವ ಎನ್‌ಸಿಟಿಇಯ 2014ರ ನಿಯಮಾವಳಿ ಬಂದ ಮೇಲೆ ಬಿ.ಎಡ್. ಎರಡು ವರ್ಷದ್ದಾಗಿದೆ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಸಂಯೋಜಿತ ಕೋರ್ಸ್ ಎಂಟು ಸೆಮಿಸ್ಟರ್, ಹಾಗಾಗಿ ಒಂದು ವರ್ಷ ಉಳಿಯುವುದು ನಿಜ. ತೊಡಕಿದ್ದದ್ದು ವಿಷಯಗಳ ಆಯ್ಕೆಯಲ್ಲಿ, ಮತ್ತು ಅದನ್ನು ಇಬ್ಬರೂ ಗಮನಿಸಿರಲಿಲ್ಲ.

ಮೊದಲು ತಿಳಿಸಿದ ಸಂಗತಿ ಹುಡುಗಿಗೆ ಹೊಸದು. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ 'ರಸಾಯನಶಾಸ್ತ್ರ ಶಿಕ್ಷಕ' ಎಂಬ ಪ್ರತ್ಯೇಕ ಹುದ್ದೆ ಇಲ್ಲ. ಹತ್ತನೆಯ ತರಗತಿಯವರೆಗೆ ವಿಜ್ಞಾನ ಒಂದೇ ವಿಷಯ, ನೇಮಕಾತಿ ಪಿಸಿಎಂ ಅಥವಾ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು ನಡೆಯುತ್ತದೆ. ರಸಾಯನಶಾಸ್ತ್ರವನ್ನಷ್ಟೇ ಕಲಿಸುವ ಹುದ್ದೆ ಬರುವುದು ಪಿಯು ಹಂತದಲ್ಲಿ. ಹತ್ತನೆಯ ತರಗತಿಯ ಈಗಿನ ವಿಜ್ಞಾನ ಪುಸ್ತಕದ 13 ಅಧ್ಯಾಯಗಳಲ್ಲಿ ರಸಾಯನಶಾಸ್ತ್ರದ್ದು ನಾಲ್ಕು: ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು, ಆಮ್ಲ-ಪ್ರತ್ಯಾಮ್ಲ-ಲವಣಗಳು, ಲೋಹ-ಅಲೋಹಗಳು, ಕಾರ್ಬನ್ ಮತ್ತು ಅದರ ಸಂಯುಕ್ತಗಳು. ಉಳಿದವುಗಳಲ್ಲಿ ಐದು ಜೀವಶಾಸ್ತ್ರಕ್ಕೆ, ನಾಲ್ಕು ಭೌತಶಾಸ್ತ್ರಕ್ಕೆ ಸೇರಿದವು. ಶಾಲೆಯ ವೇಳಾಪಟ್ಟಿ ಹಾಕುವಾಗ ಪಿಸಿಎಂ ಶಿಕ್ಷಕರ ಪಾಲಿಗೆ ಸಾಮಾನ್ಯವಾಗಿ ಬೀಳುವುದು ಗಣಿತದ ಪಿರಿಯಡ್‌ಗಳು, ವಿಜ್ಞಾನ ಸಿಬಿಝಡ್ ಶಿಕ್ಷಕರ ಕಡೆ ಹೋಗುತ್ತದೆ. ಅಂದರೆ ತಂದೆ ಹೇಳಿದ ದಾರಿಯಲ್ಲಿ ಹೋದರೆ, ಗಣಿತವೆಂದರೆ ಹಿಂಜರಿಯುವ ಈ ಹುಡುಗಿ ವಾರದ ಬಹುಪಾಲು ಗಣಿತವನ್ನೇ ಕಲಿಸಬೇಕಾದೀತು.

ಕೇಂದ್ರೀಯ ವಿದ್ಯಾಲಯಗಳ ಅಧಿಸೂಚನೆಗಳಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ಅಲ್ಲಿ ಟಿಜಿಟಿ (ಪ್ರೌಢಶಾಲಾ ಹಂತದ ಪದವೀಧರ ಶಿಕ್ಷಕ) ವಿಜ್ಞಾನ ಹುದ್ದೆಗೆ ಕೇಳುತ್ತಾ ಬಂದಿರುವುದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ಪಿಸಿಎಂ ಪದವೀಧರರು ಎಷ್ಟೇ ಚೆನ್ನಾಗಿ ರಸಾಯನಶಾಸ್ತ್ರ ಬಲ್ಲವರಾದರೂ ಟಿಜಿಟಿ ಗಣಿತಕ್ಕಷ್ಟೇ ಅರ್ಜಿ ಹಾಕಬಹುದು. ಎಂ.ಎಸ್ಸಿ. ಮಾಡಿಕೊಂಡರೆ ಪಿಜಿಟಿ (11, 12ನೇ ತರಗತಿಯ ಶಿಕ್ಷಕ) ರಸಾಯನಶಾಸ್ತ್ರ ತೆರೆಯುತ್ತದೆ, ಅದು ಬೇರೆ ಮಾತು. ಬಿ.ಎಡ್. ಮುಗಿಸಿ, ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆ ಸಿಟಿಇಟಿಯ ಎರಡನೇ ಪತ್ರಿಕೆ ಪಾಸಾಗಿ, ಅರ್ಜಿ ಹಾಕುವ ದಿನ ಇದನ್ನು ಕಂಡುಕೊಳ್ಳುವವರು ಇದ್ದಾರೆ. ಆ ಹೊತ್ತಿಗೆ ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಸಿಬಿಝಡ್ ಎಂದ ತಕ್ಷಣ ಹುಡುಗಿ, ಹತ್ತಿರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಬದಲು ಮೈಕ್ರೊಬಯಾಲಜಿ ಇದೆ, ನಡೆಯುತ್ತದೆಯೇ ಎಂದು ಕೇಳಿದಳು. ಶಿಕ್ಷಕ ಹುದ್ದೆಯೇ ಗುರಿಯಾಗಿದ್ದರೆ ಬೇಡ ಎಂದು ನೇರವಾಗಿಯೇ ಹೇಳಿದೆವು. ಬಯೊಟೆಕ್ನಾಲಜಿ, ಮೈಕ್ರೊಬಯಾಲಜಿ ಒಳ್ಳೆಯ ವಿಷಯಗಳೇ. ಆದರೆ ದಾಖಲೆ ಪರಿಶೀಲನೆಯ ಮೇಜಿನಲ್ಲಿ ನೋಡುವುದು ಅಂಕಪಟ್ಟಿಯ ಮೇಲೆ ಅಧಿಸೂಚನೆಯ ವಿಷಯಗಳ ಹೆಸರು ಇದೆಯೇ, ಎಲ್ಲ ವರ್ಷಗಳಲ್ಲೂ ಓದಿದ್ದಾರೆಯೇ ಎಂಬುದನ್ನು. 2021-22ರಿಂದ 2023-24ರವರೆಗೆ ರಾಜ್ಯದಲ್ಲಿ ಪದವಿಗೆ ಸೇರಿದವರು ಎರಡು ಮುಖ್ಯ ವಿಷಯಗಳ ಪದ್ಧತಿಯಲ್ಲಿ ಓದಿದ್ದಾರೆ. ಅವರು ಇದನ್ನು ಇನ್ನಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು.

ನಂತರ ದಾರಿಗಳನ್ನು ಒಂದೊಂದಾಗಿ ಬಿಡಿಸಿದೆವು. ಮೊದಲನೆಯದು ಸಂಯೋಜಿತ ಕೋರ್ಸ್.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾದದ್ದು, ಕೇಂದ್ರದ ಶಾಲಾ ಪಠ್ಯಪುಸ್ತಕಗಳನ್ನು ರೂಪಿಸುವ ಎನ್‌ಸಿಇಆರ್‌ಟಿಯ ಅಂಗ. ಬಿ.ಎಸ್ಸಿ.ಬಿ.ಎಡ್. ಅನ್ನು ದಶಕಗಳಿಂದ ನಡೆಸಿದೆ. ರಸಾಯನಶಾಸ್ತ್ರದಲ್ಲಿ ಆರು ವರ್ಷದ ಸಂಯೋಜಿತ ಎಂ.ಎಸ್ಸಿ.ಎಡ್. ಕೂಡ ಅಲ್ಲಿಯದು. ಅದಕ್ಕೆ ಸೇರುವ ಆಸೆ ಇದ್ದರೆ ಆ ವರ್ಷದ ಪ್ರವೇಶ ಪ್ರಕಟಣೆ ನೋಡಬೇಕು. ದೇಶದ ಹಳೆಯ ನಾಲ್ಕು ವರ್ಷದ ಕೋರ್ಸ್‌ಗಳು ಈಗ ಐಟಿಇಪಿ (ಸಂಯೋಜಿತ ಶಿಕ್ಷಕ ಶಿಕ್ಷಣ ಕಾರ್ಯಕ್ರಮ) ಎಂಬ ಹೊಸ ಚೌಕಟ್ಟಿಗೆ ಬದಲಾಗುತ್ತಿವೆ. ಅದಕ್ಕೆ ಪ್ರವೇಶ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುವ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ, ಅರ್ಹತೆ ಪಿಯುಸಿಯಲ್ಲಿ ಶೇ. 50. 2025ರ ಮಾದರಿಯಲ್ಲಿ 160 ಪ್ರಶ್ನೆ, 180 ನಿಮಿಷ. ಎರಡು ಭಾಷೆಗೆ ತಲಾ 20, ಮೂರು ವಿಷಯಗಳಿಗೆ ತಲಾ 25, ಸಾಮಾನ್ಯ ಜ್ಞಾನ-ತರ್ಕಕ್ಕೆ 25, ಬೋಧನಾ ಅಭಿರುಚಿಗೆ 20. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆಯುತ್ತಾರೆ. ಕನ್ನಡದಲ್ಲೂ ಬರೆಯಬಹುದು.

ಹುಡುಗಿ ಅರ್ಜಿಯ ಕರಡಿನಲ್ಲಿ ಭೌತ, ರಸಾಯನ, ಗಣಿತ ಎಂದು ಗುರುತು ಹಾಕಿಕೊಂಡಿದ್ದಳು. ಗಣಿತ ತೆಗೆದು ಜೀವಶಾಸ್ತ್ರ ಹಾಕಿಸಿದೆವು. ಪರೀಕ್ಷೆಗೆ ಆರಿಸಿದ ಮೂರು ವಿಷಯಗಳು ಸೇರಬೇಕಾದ ವಿಭಾಗಕ್ಕೆ ಹೊಂದಬೇಕು, ಇಲ್ಲದಿದ್ದರೆ ಅಂಕ ಬಂದೂ ಸೀಟು ಕೈತಪ್ಪುತ್ತದೆ. ಇನ್ನೊಂದು ಕಡೆ ಮಕ್ಕಳು ಎಡವುವುದು ಫಲಿತಾಂಶದ ನಂತರ: ಪರೀಕ್ಷೆಗೆ ಅರ್ಜಿ ಹಾಕಿದ್ದೇ ಸಾಕು ಎಂದುಕೊಂಡು ಕೌನ್ಸೆಲಿಂಗ್‌ಗೆ ಬೇರೆಯಾಗಿ ನೋಂದಾಯಿಸುವುದಿಲ್ಲ.

ಐಟಿಇಪಿಯಲ್ಲಿ ಶಿಕ್ಷಣಶಾಸ್ತ್ರ ಒಂದು ಮುಖ್ಯ ವಿಷಯ, ರಸಾಯನಶಾಸ್ತ್ರದಂಥ ಜ್ಞಾನವಿಷಯ ಇನ್ನೊಂದು. ಹಳೆಯ ಕೋರ್ಸಿನಂತೆ ಮೂರು ವಿಜ್ಞಾನ ವಿಷಯಗಳೂ ಸಮನಾಗಿ ಬರುತ್ತವೆ ಎಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಪ್ರತಿ ಸಂಸ್ಥೆಯಿಂದ ಎಂಟು ಸೆಮಿಸ್ಟರ್‌ಗಳ ಪಠ್ಯಕ್ರಮದ ಪಟ್ಟಿ ತರಿಸಿಕೊಳ್ಳಲು ಹೇಳಿದೆವು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಷ್ಟು ಸೆಮಿಸ್ಟರ್ ಇವೆ, ಅಂಕಪಟ್ಟಿಯಲ್ಲಿ ಯಾವ ಹೆಸರಿನಲ್ಲಿ ಬರುತ್ತವೆ, ವಾರಕ್ಕೆ ರಸಾಯನಶಾಸ್ತ್ರ ಪ್ರಯೋಗಾಲಯ ಎಷ್ಟು ಗಂಟೆ: ಈ ಮೂರಕ್ಕೆ ಬರಹದಲ್ಲಿ ಉತ್ತರ ಸಿಗದ ಕಡೆ ಸೇರಬಾರದು. ಪ್ರಯೋಗಾಲಯದ ಪ್ರಶ್ನೆಯನ್ನು ಒತ್ತಿ ಹೇಳಲು ಕಾರಣವಿದೆ. ಬ್ಯುರೆಟ್ಟು ಹಿಡಿದು ಕೈ ಪಳಗದ ಶಿಕ್ಷಕರು ಮುಂದೆ ತಟಸ್ಥೀಕರಣವನ್ನು ಬೋರ್ಡಿನ ಮೇಲಷ್ಟೇ ಮಾಡಿ ಮುಗಿಸುತ್ತಾರೆ.

ಎರಡನೆಯ ದಾರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಿಬಿಝಡ್, ಆಮೇಲೆ ಬಿ.ಎಡ್. ಇದು ಐದು ವರ್ಷ. ಮೂರು ವಿಷಯಗಳೂ ಕೈಯಲ್ಲಿರುತ್ತವೆ, ನಡುವೆ ಮನಸ್ಸು ಬದಲಾದರೆ ಬಿ.ಎಸ್ಸಿ.ಯಂತೂ ಉಳಿಯುತ್ತದೆ. ಸಂಯೋಜಿತ ಕೋರ್ಸನ್ನು ಎರಡು ವರ್ಷಕ್ಕೆ ಬಿಟ್ಟವರ ಕೈಯಲ್ಲಿ ಬಿ.ಎಸ್ಸಿ.ಯೂ ಇಲ್ಲ, ಬಿ.ಎಡ್.ಊ ಇಲ್ಲ. ಪಿಯು ಉಪನ್ಯಾಸಕಿಯಾಗುವ ಯೋಚನೆ ಬಂದರೆ ರಸಾಯನಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಶೇ. 55 ಮತ್ತು ಬಿ.ಎಡ್. ಎರಡೂ ಬೇಕು. ಬಿಡಿ ಬಿಡಿಯಾಗಿ ಮಾಡಿದರೆ ಏಳು ವರ್ಷ, ಬಿ.ಎಸ್ಸಿ.ಬಿ.ಎಡ್. ನಂತರ ಎಂ.ಎಸ್ಸಿ. ಆದರೆ ಆರು. ಕೆಲವು ಕಡೆ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಪಿಯುಸಿಯಲ್ಲಾದರೂ ಗಣಿತ ಓದಿರಬೇಕು ಎನ್ನುತ್ತಾರೆ. ಈಕೆಗೆ ಪಿಸಿಎಂಬಿ ಇಲ್ಲಿ ನೆರವಾಗುತ್ತದೆ.

ತಂದೆ ಮೂರನೆಯದೊಂದನ್ನು ಪ್ರಸ್ತಾಪಿಸಿದರು. ಬಿ.ಎಸ್ಸಿ. ಓದುತ್ತಲೇ ಹಾಜರಾತಿ ಇಲ್ಲದೆ ಬಿ.ಎಡ್. ಮಾಡಿಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ಹೇಳಿದ್ದನಂತೆ. ಇದನ್ನು ಅಲ್ಲೇ ಕೈಬಿಡಿಸಿದೆವು. ಬಿ.ಎಡ್.ಗೆ ಸೇರಲು ಪದವಿ ಮುಗಿದಿರಲೇಬೇಕು. ತರಗತಿಗಳಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ನಿಯಮದಲ್ಲೇ ಇದೆ, ಇಂಟರ್ನ್‌ಶಿಪ್ ಒಟ್ಟು 20 ವಾರ. ಯಾವುದೇ ಕಾಲೇಜಿಗೆ ಹಣ ಕಟ್ಟುವ ಮುನ್ನ ಅದರ ಎನ್‌ಸಿಟಿಇ ಮಾನ್ಯತಾ ಆದೇಶದಲ್ಲಿ ಕೋರ್ಸಿನ ಹೆಸರು ಮತ್ತು ಸೀಟುಗಳ ಸಂಖ್ಯೆ ನೋಡಬೇಕು. ಕಾಲೇಜಿಗೆ ಎರಡು ವರ್ಷದ ಬಿ.ಎಡ್.ಗೆ ಮಾನ್ಯತೆ ಇದೆ ಎಂದರೆ ಸಂಯೋಜಿತ ಕೋರ್ಸಿಗೂ ಇದೆ ಎಂದಾಗುವುದಿಲ್ಲ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. 18ನೇ ವಯಸ್ಸಿಗೆ ನಾಲ್ಕು ವರ್ಷವನ್ನು ಬೋಧನೆಗೇ ಕಟ್ಟಿಹಾಕುವಷ್ಟು ಆಸೆ ನಿಜವೇ? ಅದಕ್ಕೊಂದು ಕೆಲಸ ಕೊಟ್ಟೆವು. ಹತ್ತನೆಯ ತರಗತಿಗೆ ಹೋಗಲಿರುವ, ಕನ್ನಡ ಮಾಧ್ಯಮದ ಒಬ್ಬ ಹುಡುಗನಿಗೋ ಹುಡುಗಿಗೋ ಸಮೀಕರಣ ಸರಿದೂಗಿಸುವುದನ್ನು ಇಪ್ಪತ್ತು ನಿಮಿಷದಂತೆ ಮೂರು ದಿನ ಕಲಿಸಬೇಕು, ಮಗು ಎಲ್ಲಿ ನಿಂತಿತು ಎಂದು ಬರೆದಿಡಬೇಕು.

ವಾರದ ನಂತರ ಆಕೆ ಒಂದು ನೋಟ್‌ಬುಕ್ ತಂದಳು. ಮೊದಲ ದಿನ ಎಡವಿದ್ದು ತಾನೇ: ಪಿಯುಸಿ ಇಂಗ್ಲಿಷಿನಲ್ಲಿ ಓದಿದ್ದರಿಂದ ಉತ್ಕರ್ಷಣ (ಆಕ್ಸಿಡೇಶನ್), ಅಪಕರ್ಷಣ (ರಿಡಕ್ಷನ್) ಎಂಬ ಪದಗಳೇ ಬಾಯಿಗೆ ಬರಲಿಲ್ಲ. ಎರಡನೆಯ ದಿನ ಮೆಗ್ನೀಸಿಯಂ ಉರಿಯುವ ಸಮೀಕರಣದಲ್ಲಿ ಹುಡುಗ, ಮೆಗ್ನೀಸಿಯಂ ಆಕ್ಸೈಡಿನ ಆಕ್ಸಿಜನ್ ಕೆಳಗೆ 2 ಬರೆದು ಸರಿದೂಗಿತು ಎಂದ. ಮುಂದೆ ಹಾಕುವ 2 ಬೇರೆ, ಕೆಳಗಿನ 2 ಬೇರೆ ಎಂದು ಹೇಳಿದರೆ ಅವನಿಗೆ ಹತ್ತಲಿಲ್ಲ. ಮೂರನೆಯ ದಿನ ಆಕೆ ಪರಮಾಣುಗಳನ್ನು ವೃತ್ತಗಳಾಗಿ ಬಿಡಿಸಿ, ಕೆಳಗಿನ ಅಂಕಿ ಬದಲಿಸಿದರೆ ವಸ್ತುವೇ ಬೇರೆಯಾಗುತ್ತದೆ, ಮುಂದಿನ ಅಂಕಿ ಅದೇ ವಸ್ತುವಿನ ಎಣಿಕೆ ಎಂದು ತೋರಿಸಿದ್ದಳು. ಹುಡುಗ ತಾನಾಗಿ ಇನ್ನೊಂದು ಸಮೀಕರಣ ಸರಿಪಡಿಸಿದ್ದ. ಇದನ್ನು ಹೇಳುವಾಗ ಆಕೆ ತಲೆ ತಗ್ಗಿಸಿರಲಿಲ್ಲ. ನೋಟ್‌ಬುಕ್ ತಿರುವಿ ಹಾಕಿದ ತಂದೆ ಗಣಿತದ ಮಾತು ಮತ್ತೆ ಎತ್ತಲಿಲ್ಲ.

ಒಪ್ಪಿಕೊಂಡದ್ದು ಹೀಗೆ. ರಸಾಯನ, ಜೀವ, ಭೌತ ವಿಷಯಗಳೊಂದಿಗೆ ಎನ್‌ಸಿಇಟಿ ಬರೆಯುವುದು. ಅದರ ಫಲಿತಾಂಶಕ್ಕೆ ಕಾಯದೆ ಸರ್ಕಾರಿ ಕಾಲೇಜಿನ ಸಿಬಿಝಡ್‌ಗೆ ರಾಜ್ಯದ ಪದವಿ ಪ್ರವೇಶದ ಜಾಲತಾಣ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕಿಡುವುದು. ಸಂಯೋಜಿತ ಸೀಟು ಸಿಕ್ಕರೂ ಪಠ್ಯಕ್ರಮದಲ್ಲಿ ಸಸ್ಯ-ಪ್ರಾಣಿಶಾಸ್ತ್ರ ಸಾಕಷ್ಟಿಲ್ಲದಿದ್ದರೆ ಸಿಬಿಝಡ್‌ನಲ್ಲೇ ಉಳಿಯುವುದು, ಒಂದು ವರ್ಷ ಹೆಚ್ಚಾದರೂ ಸರಿ. ಕನ್ನಡ ಮಾಧ್ಯಮದ ಎಂಟರಿಂದ ಹತ್ತರವರೆಗಿನ ವಿಜ್ಞಾನ ಪುಸ್ತಕಗಳನ್ನು ಈ ಬೇಸಿಗೆಯಲ್ಲೇ ಓದಲು ಆರಂಭಿಸುವುದು. ಮುಂದಿನ ಭೇಟಿ ಕೌನ್ಸೆಲಿಂಗ್ ಪಟ್ಟಿ ಬಂದ ದಿನ, ಸಂಸ್ಥೆಗಳು ಕೊಟ್ಟ ಪಠ್ಯಕ್ರಮದ ಪ್ರತಿಗಳೊಂದಿಗೆ.