ಚಾಸಿ ನಂಬರ್ ಒಂದು, ಇಂಜಿನ್ ನಂಬರ್ ಇನ್ನೊಂದು: ಹಳೆ ಡುಕಾಟಿ ಅಸಲಿ ಹೌದಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಈಗ ಇಟಲಿಯ ಟ್ಯೂರಿನ್‌ನಲ್ಲಿ ಕೆಲಸದಲ್ಲಿದ್ದೇನೆ. 1965ರ ಡುಕಾಟಿ 250 ಮ್ಯಾಕ್ 1 ಅಂತ ಹೇಳಿದ್ದಕ್ಕೆ ಒಂದು ಹಳೆ ಬೈಕ್ ಕೊಂಡೆ. ಈಗ ಇಂಜಿನ್ ಇಳಿಸಿ ಬಿಚ್ಚಲು ಶುರು ಮಾಡಿದ್ದೇನೆ. ಚಾಸಿ ನಂಬರಿಗೂ ಇಂಜಿನ್ ನಂಬರಿಗೂ ತಾಳೆಯಾಗುತ್ತಿಲ್ಲ. ಯಾರಾದರೂ ಇಂಜಿನ್ ಬದಲಾಯಿಸಿದ್ದಾರಾ? ಒಳಗಿನ ಭಾಗಗಳು ಒರಿಜಿನಲ್ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ: ಮೊದಲು ಆ ಭಯ ಬಿಡಿ. ಆ ಕಾಲದಲ್ಲಿ ಬೊಲೋನ್ಯಾದ ಡುಕಾಟಿ ಕಾರ್ಖಾನೆ ಇಂಜಿನ್ನಿಗೂ ಚಾಸಿಗೂ ಒಂದೇ ನಂಬರ್ ಹೊಡೆಯುತ್ತಿರಲಿಲ್ಲ. ಎರಡೂ ಒಂದೇ ಆಗಿದ್ದರೆ ನನಗೆ ಅನುಮಾನ ಜಾಸ್ತಿ ಆಗುತ್ತಿತ್ತು.

ನೀವು ತಾಳೆ ನೋಡಬೇಕಾದ ಜೋಡಿ ಬೇರೆ. ಅದು ಕ್ರ್ಯಾಂಕ್‌ಕೇಸಿನ, ಅಂದರೆ ಕ್ರ್ಯಾಂಕ್ ದಂಡ ಕೂರುವ ಇಂಜಿನ್ನಿನ ಕೆಳಗಿನ ಪೆಟ್ಟಿಗೆಯ, ಎರಡು ಹೋಳು. ಈ ಎರಡನ್ನೂ ಕೂಡಿಸಿಯೇ ಬೇರಿಂಗ್ ಕೂರುವ ಜಾಗ ಕೊರೆಯುತ್ತಿದ್ದರು. ಹಾಗಾಗಿ ಒಂದು ಇಂಜಿನ್ನಿನ ಹೋಳು ಇನ್ನೊಂದು ಇಂಜಿನ್ನಿಗೆ ಹೊಂದುವುದಿಲ್ಲ. ಜೋಡಿ ತಪ್ಪಬಾರದೆಂದು ಎರಡರ ಮೇಲೂ ಒಂದೇ ಸಣ್ಣ ನಂಬರ್ ಪಂಚ್ ಮಾಡಿರುತ್ತಾರೆ. ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಹುಡುಕಿ. ಆ ನಂಬರುಗಳು ಬೇರೆ ಬೇರೆಯಾಗಿದ್ದರೆ ಯಾವಾಗಲೋ ಒಂದು ಹೋಳು ಒಡೆದು, ಬೇರೆ ಇಂಜಿನ್ನಿನ ಹೋಳು ತಂದು ಕೂರಿಸಿದ್ದಾರೆ ಎಂದರ್ಥ. ಚಿಂತೆ ಮಾಡಬೇಕಾದ್ದು ಆಗ.

ಇನ್ನು ಇಂಜಿನ್ ನಂಬರ್. ಮ್ಯಾಕ್ 1 ಆದರೆ ನಂಬರಿನ ಮುಂದೆ ಡಿಎಂ 250 ಎಂ1 ಎಂದಿರಬೇಕು. ಬರೀ ಅಕ್ಷರ ಓದಿ ಒಪ್ಪಿಕೊಳ್ಳಬೇಡಿ. ಅದರ ಕೆಳಗಿನ ಲೋಹದ ಮೈ ನೋಡಿ. ಟಾರ್ಚನ್ನು ಪಕ್ಕದಿಂದ, ಮೈಗೆ ಒರಗಿಸಿದ ಹಾಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿ. ಹಳೆ ನಂಬರನ್ನು ಅರದಲ್ಲಿ ಉಜ್ಜಿ ಹೊಸದು ಹೊಡೆದಿದ್ದರೆ ಆ ಜಾಗ ಸುತ್ತಲಿಗಿಂತ ಒಂದು ಕೂದಲೆಳೆಯಷ್ಟು ತಗ್ಗಾಗಿ ಕಾಣುತ್ತದೆ. ಒಂದೇ ದಿಕ್ಕಿನ ಗೀರುಗಳೂ ಕಾಣುತ್ತವೆ. ನೇರ ಬೆಳಕಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಮ್ಯಾಕ್ 1ಕ್ಕೆ ಬೆಲೆ ಜಾಸ್ತಿ, ಮಾಮೂಲಿ 250ಕ್ಕೆ ಕಡಿಮೆ. ಹಾಗಾಗಿ ಈ ಒಂದು ನೋಟ ಬಿಡಬೇಡಿ.

ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿದಾಗ ವರ್ನಿಯರ್ ಅಳತೆಗೋಲು ಹಿಡಿದು ವಾಲ್ವ್ ತಲೆಯ ಅಗಲ ಅಳೆಯಿರಿ. ಇನ್‌ಲೆಟ್ 40 ಮಿ.ಮೀ., ಎಗ್ಸಾಸ್ಟ್ 36 ಮಿ.ಮೀ. ಇರಬೇಕು. ವಾಲ್ವ್ ಸ್ಪ್ರಿಂಗ್ ಸುರುಳಿಯಂತಿರದೆ ಹೇರ್‌ಪಿನ್ನಿನಂತೆ ಇರುತ್ತದೆ, ಗಾಬರಿಯಾಗಬೇಡಿ, ಅದೇ ಸರಿ. ವಾಲ್ವನ್ನು ಎಳೆದು ಮುಚ್ಚುವ ಇನ್ನೊಂದು ಜೊತೆ ರಾಕರ್ (ವಾಲ್ವನ್ನು ಆಡಿಸುವ ಸನ್ನೆ) ಕಂಡರೆ ಮಾತ್ರ ಅದು ಡೆಸ್ಮೊ ಹೆಡ್. ರಸ್ತೆಯ ಬೈಕುಗಳಿಗೆ ಅದು ಬಂದಿದ್ದು 1968ರಲ್ಲಿ. ಅದೇ ವರ್ಷ ಅಗಲ ಕ್ರ್ಯಾಂಕ್‌ಕೇಸೂ ಬಂತು. ಇಂಜಿನ್ನನ್ನು ಚಾಸಿಗೆ ಬಿಗಿಯುವ ಹಿಂಬದಿಯ ಬೋಲ್ಟ್ ಕೂರುವ ಭಾಗ ದಪ್ಪಗೆ, ಅಗಲವಾಗಿದ್ದರೆ ಆ ಇಂಜಿನ್ 1965ರದ್ದಾಗಲು ಸಾಧ್ಯವೇ ಇಲ್ಲ. ಮೋಟೊಟ್ರಾನ್ಸ್ ಎಂಬ ಹೆಸರು ಎಲ್ಲಾದರೂ ಕಂಡರೆ ಆ ಭಾಗ ಬಾರ್ಸಿಲೋನಾದಲ್ಲಿ ಲೈಸೆನ್ಸ್ ಮೇಲೆ ಮಾಡಿದ್ದು. ಕೆಟ್ಟದ್ದೇನಲ್ಲ, ಆದರೆ ಬೊಲೋನ್ಯಾದ್ದಲ್ಲ.

ಕಾರ್ಬೊರೇಟರನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಡೆಲ್ಲೊರ್ಟೊ ಎಸ್‌ಎಸ್‌ಐ 29 ಇದ್ದರೆ ಸಂತೋಷ. ಆದರೆ ಎರಡು ಬೋಲ್ಟ್ ಬಿಚ್ಚಿ ಯಾರು ಬೇಕಾದರೂ ಬದಲಾಯಿಸಬಹುದು, ಅಲ್ವಾ?

ಪಿಸ್ಟನ್ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮೂಲ ಬೋರ್ (ಸಿಲಿಂಡರಿನ ಒಳ ಅಗಲ) 74 ಮಿ.ಮೀ. ಪಿಸ್ಟನ್ ತಲೆಯ ಮೇಲೆ 74.4 ಎಂದಿದ್ದರೆ ಸವೆದ ಸಿಲಿಂಡರನ್ನು ಕೊರೆಸಿ ಓವರ್‌ಸೈಜ್, ಅಂದರೆ ತುಸು ದೊಡ್ಡ ಪಿಸ್ಟನ್ ಹಾಕಿದ್ದಾರೆ ಅಷ್ಟೇ. ಓಡಿದ ಬೈಕಿಗೆ ಅದು ಸಹಜ. ಕ್ರ್ಯಾಂಕ್‌ನಲ್ಲಿರುವ ಕೆಸರು ಹಿಡಿಯುವ ಪ್ಲಗ್ಗನ್ನು ಮಾತ್ರ ಬಿಚ್ಚದೆ ಮುಂದೆ ಹೋಗಬೇಡಿ. ಈ ಇಂಜಿನ್ನಿನಲ್ಲಿ ಆಯಿಲ್‌ಗೆ ಬರೀ ಒಂದು ಜಾಲರಿ ಇದೆ, ಸರಿಯಾದ ಫಿಲ್ಟರ್ ಇಲ್ಲ. ಅಲ್ಲಿ ಕಪ್ಪು ಜೇಡಿಮಣ್ಣಿನಂತೆ ಗಟ್ಟಿ ಕೆಸರು ಕೂತಿರುತ್ತದೆ. ಕಡ್ಡಿ ಹಾಕಿ ಕೆರೆದೇ ತೆಗೆಯಬೇಕು.

ಒಂದು ವಿನಂತಿ. ಹೊಳಪಿನ ಆಸೆಗೆ ಕ್ರ್ಯಾಂಕ್‌ಕೇಸನ್ನು ಬ್ಲಾಸ್ಟಿಂಗ್‌ಗೆ (ಗಾಳಿಯ ಒತ್ತಡದಲ್ಲಿ ಸಣ್ಣ ಹರಳು ಹೊಡೆದು ಉಜ್ಜುವುದಕ್ಕೆ) ಕೊಡಬೇಡಿ. ಕೊಡಲೇಬೇಕು ಎನಿಸಿದರೆ ಮೊದಲು ಎಲ್ಲ ಗುರುತುಗಳ ಫೋಟೊ ತೆಗೆದುಕೊಂಡು, ಅವುಗಳ ಮೇಲೆ ದಪ್ಪ ಟೇಪ್ ಅಂಟಿಸಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅಳಿಸಿದ ಪಂಚ್ ಗುರುತು ಮತ್ತೆ ಬರುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ 1973ರ ಮೋಟೊ ಗುಜ್ಜಿ 850 ಜಿಟಿ ಇದೆ. ಸಿಲಿಂಡರ್ ಎರಡೂ ಕಾರ್ಖಾನೆಯಿಂದ ಬಂದವೇ. ಇಂಜಿನ್ ಮತ್ತೆ ಕೂರಿಸುವಾಗ ಅವನ್ನೇ ಹಾಕಲೇ?

ಉತ್ತರ: ಬೇಡ. ಒರಿಜಿನಲ್ ಉಳಿಸಿ ಎಂದು ಸದಾ ಹೇಳುವ ನಾನೇ ಇಲ್ಲಿ ಬೇಡ ಎನ್ನುತ್ತೇನೆ. ಆ ಸಿಲಿಂಡರುಗಳ ಒಳಗೋಡೆಗೆ ಕ್ರೋಮ್ ಲೇಪನವಿದೆ. ವಯಸ್ಸಾದಂತೆ ಅದು ಹಕ್ಕಳೆಯಾಗಿ ಏಳುತ್ತದೆ. ಮೊದಲಿಗೆ ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ ಅಲ್ಯೂಮಿನಿಯಂ ಇಣುಕುತ್ತದೆ. ಅಂಚಿನ ಮೇಲೆ ಉಗುರು ಎಳೆದರೆ ತಡೆಯುತ್ತದೆ. ಎದ್ದ ಚೂರುಗಳು ಆಯಿಲ್ ಜೊತೆ ಬೇರಿಂಗ್‌ಗಳಿಗೆ ಹೋಗಿ ಕ್ರ್ಯಾಂಕನ್ನೇ ಹಾಳು ಮಾಡುತ್ತವೆ. ಇವತ್ತು ಚೆನ್ನಾಗಿ ಕಂಡರೂ ನಂಬುವಂತಿಲ್ಲ.

ಗುಜ್ಜಿಯ ಊರಾದ ಮಾಂಡೆಲ್ಲೊದಲ್ಲೇ ಇರುವ ಜಿಲಾರ್ಡೊನಿಯವರು ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನದ ಸಿಲಿಂಡರ್ ಮಾಡುತ್ತಾರೆ. ಪಿಸ್ಟನ್ ಸಮೇತ ಜೋಡಿಯಾಗಿ ತೆಗೆದುಕೊಳ್ಳಿ. ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ತೆಗೆದು ಒಳಗೆ ಚೂರು ಉಳಿಯದಂತೆ ತೊಳೆದ ಮೇಲೆಯೇ ಕೂರಿಸಿ. ಹಳೆಯ ಸಿಲಿಂಡರುಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಬೈಕಿನ ಕಾಗದಪತ್ರದ ಜೊತೆ ಎತ್ತಿಡಿ.