ಭಾನುವಾರದ ಮಿಕ್ಸಿ

*ಬರ್ಲಿನ್‌ನಲ್ಲಿ ನಮಗಿದು ಮೂರನೇ ವರ್ಷ. ನಾಯ್ಕೋಲ್ನ್‌ನಲ್ಲಿ ರಾತ್ರಿಯಿಡೀ ಗಲಾಟೆ ಎಂದು ಹಟ ಹಿಡಿದು, ಎರಡು ತಿಂಗಳ ಹಿಂದೆ ತ್ಸೇಲೆನ್‌ಡೋರ್ಫ್‌ಗೆ ಮನೆ ಬದಲಿಸಿದವಳು ನಾನೇ. ಈಗ ಇಲ್ಲಿನ ಮೌನ ತಡೆಯಲಾಗುತ್ತಿಲ್ಲ. ಮೆಟ್ಟಿಲಲ್ಲಿ ಸಿಕ್ಕವರು ‘ಹಲೋ’ ಎಂದು ಇಳಿದುಹೋಗುತ್ತಾರೆ. ಹೋದ ಭಾನುವಾರ ಹಿಟ್ಟು ರುಬ್ಬಿದ್ದಕ್ಕೆ ಕೆಳಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದರು: ‘ದಯವಿಟ್ಟು, ಇವತ್ತು ಭಾನುವಾರ.’ ಹಳೇ ಏರಿಯಾಕ್ಕೇ ಹೋಗೋಣ ಅನ್ನುತ್ತಾರೆ ನಮ್ಮವರು. ಏನು ಮಾಡಲಿ?*

ಮೊದಲು ಆ ಚೀಟಿಯ ವಿಷಯ. ಅದು ನಿಮ್ಮನ್ನು ನೋಯಿಸಿದೆ, ಸರಿ. ಆದರೆ ಅವರು ಮನೆಮಾಲೀಕರಿಗೆ ದೂರು ಬರೆಯಬಹುದಿತ್ತು, ಬರೆದಿಲ್ಲ. ನಿಮ್ಮ ಬಾಗಿಲಿಗೇ ಬಂದು ‘ದಯವಿಟ್ಟು’ ಎಂದಿದ್ದಾರೆ.

ಬರ್ಲಿನ್‌ನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು. ಭಾನುವಾರ ಮತ್ತು ರಜಾದಿನಗಳಲ್ಲಿ ಇಡೀ ದಿನ. ಮಾತು, ಟಿವಿ, ಅಡುಗೆ ಎಲ್ಲ ನಡೆಯುತ್ತವೆ, ಸದ್ದು ನಿಮ್ಮ ಕೋಣೆ ದಾಟದಿದ್ದರಾಯಿತು. ಡ್ರಿಲ್ ಮಾತ್ರ ಮುಟ್ಟಲೇಬೇಡಿ, ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವುದೂ ಭಾನುವಾರ ಬೇಡ. ಮಿಕ್ಸಿಯ ತೊಂದರೆ ಅದರ ಕೂಗಿಗಿಂತ ನಡುಕದ್ದು: ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಕೆಳಮನೆಗೆ ಇಳಿಯುತ್ತದೆ. ಗೋಡೆಯಿಂದ ಒಂದು ಗೇಣು ದೂರ ಎಳೆದು ಕೆಳಗೆ ದಪ್ಪ ರಬ್ಬರ್ ಹಾಸು ಹಾಕಿ. ರುಬ್ಬುವ ಕೆಲಸವನ್ನು ಶನಿವಾರ ಸಂಜೆಗೇ ಮುಗಿಸಿಬಿಡಿ. ಹಿಟ್ಟು ಹೇಗೂ ರಾತ್ರಿ ಹುದುಗಲೇಬೇಕಲ್ಲ.

ಇನ್ನು ಮೌನ. ನಮ್ಮೂರಲ್ಲಿ ಹೊಸಬರು ಬಂದರೆ ಅಕ್ಕಪಕ್ಕದವರೇ ಬಂದು ವಿಚಾರಿಸುತ್ತಾರೆ. ಅಲ್ಲಿ ಹೊಸಬರೇ ಹೋಗಿ ಬೆಲ್ ಒತ್ತಬೇಕು. ನೀವು ಅವರಿಗಾಗಿ ಕಾಯುತ್ತಿದ್ದೀರಿ, ಅವರು ನಿಮಗಾಗಿ. ಎರಡು ತಿಂಗಳು ಹಾಗೇ ಕಳೆದಿದೆ, ಅಷ್ಟೇ. ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೆಳಮನೆ, ಎದುರುಮನೆ, ಮೇಲ್ಮನೆ ಮೂರಕ್ಕೂ ಹೋಗಿ. ‘ಇಷ್ ಬಿನ್ ದೀ ನೊಯೆ ನಾಖ್‌ಬಾರಿನ್’, ನಾನು ಹೊಸ ನೆರೆಯವಳು, ಎನ್ನಿ. ಕೆಳಮನೆಯಲ್ಲಿ ಕ್ಷಮೆ ಕೇಳಿ, ಫೋನ್ ನಂಬರ್ ಬರೆದ ಚೀಟಿ ಕೊಡಿ. ಸದ್ದಾದರೆ ಒಂದು ಮೆಸೇಜ್ ಹಾಕಿ ಅಂತ. ‘ಜೀ’ ಎಂದೇ ಮಾತಾಡಿಸಿ, ನಮ್ಮ ‘ನೀವು’ ಇದ್ದಂತೆ. ‘ದೂ’ಗೆ, ಅಂದರೆ ‘ನೀನು’ಗೆ, ಇಳಿಯೋಣ ಎಂದು ಹೇಳುವುದು ಹಿರಿಯರ ಕೆಲಸ. ಒಳಗೆ ಕರೆಯಲಿಲ್ಲವೆಂದು ಬೇಸರಿಸಬೇಡಿ. ಬಾಗಿಲಲ್ಲೇ ಮೂರು ನಿಮಿಷ ನಿಂತು ಮಾತಾಡಿದರೂ ಅದು ಭೇಟಿಯೇ.

ಬೆಲ್ ಮತ್ತು ಅಂಚೆಪೆಟ್ಟಿಗೆಯ ಮೇಲೆ ಇಬ್ಬರ ಹೆಸರೂ ಇದೆಯೇ ನೋಡಿಕೊಳ್ಳಿ. ಅಲ್ಲಿ ಮನೆಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಅಂಚೆಯವರು ಹೆಸರು ನೋಡಿ ಹಾಕುತ್ತಾರೆ. ನಮ್ಮವರಲ್ಲಿ ಗಂಡ-ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇರೆಬೇರೆ ಇರುವುದು ಸಾಮಾನ್ಯ. ಒಂದೇ ಹೆಸರು ಅಂಟಿಸಿದರೆ ಇನ್ನೊಬ್ಬರ ಪತ್ರ ವಾಪಸ್ಸಾಗುತ್ತದೆ. ಪಾರ್ಸೆಲ್ ಬಂದಾಗ ನೀವಿಲ್ಲದಿದ್ದರೆ ಪಕ್ಕದ ಮನೆಗೆ ಕೊಟ್ಟು ಚೀಟಿ ಬಿಟ್ಟುಹೋಗುತ್ತಾರೆ. ಅದನ್ನು ಅದೇ ಸಂಜೆ ನೀವೇ ಹೋಗಿ ತನ್ನಿ, ಅವರ ಪಾರ್ಸೆಲ್ ಬಂದರೆ ಇಟ್ಟುಕೊಳ್ಳಿ. ಅಲ್ಲಿ ನೆರೆಹೊರೆ ಬೆಳೆಯುವುದು ಬಹುಪಾಲು ಹೀಗೆಯೇ.

ಹೊಸ ವಿಳಾಸ ನೋಂದಾಯಿಸಿದ್ದೀರೋ ಇಲ್ಲವೋ ಬರೆದಿಲ್ಲ. ಮನೆ ಬದಲಿಸಿದ ಎರಡು ವಾರದೊಳಗೆ ಆಗಬೇಕಿತ್ತು. ಬಾಕಿಯಿದ್ದರೆ ನಗರದ ಯಾವುದೇ ಬ್ಯೂರ್ಗರ್‌ಆಮ್ಟ್‌ನಲ್ಲಿ (ನಾಗರಿಕ ಸೇವಾ ಕಚೇರಿ) ಮಾಡಿಸಬಹುದು. ಬಾಡಿಗೆ ಕರಾರು ಸಾಲದು. ನೀವು ಅಲ್ಲಿ ವಾಸಕ್ಕೆ ಬಂದಿದ್ದೀರೆಂದು ಮಾಲೀಕರು ಸಹಿ ಮಾಡಿದ ಪ್ರತ್ಯೇಕ ಫಾರಂ ಬೇಕು. ವಾಸದ ಪರವಾನಗಿ ಕಾರ್ಡನ್ನೂ ಒಯ್ಯಿರಿ, ಅದರಲ್ಲೂ ವಿಳಾಸ ಬದಲಾಗಬೇಕು.

ಹಳೆಯ ಗೆಳತಿಯರನ್ನು ಬಿಡಬೇಡಿ. ಎಸ್1 ರೈಲು ನೇರ ನಗರದ ನಡುವಿನ ಪೊಟ್ಸ್‌ಡಾಮರ್ ಪ್ಲಾಟ್ಸ್‌ಗೆ ಹೋಗುತ್ತದೆ. ವಾರದಲ್ಲಿ ಒಂದು ಸಂಜೆ ಅವರಿಗೇ ಮೀಸಲಿಡಿ. ಇನ್ನೊಂದು ಸಂಜೆ ನಿಮ್ಮ ಜಿಲ್ಲೆಯ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ (ದೊಡ್ಡವರಿಗಾಗಿ ನಡೆಸುವ ಸಾರ್ವಜನಿಕ ಕಲಿಕಾ ಕೇಂದ್ರ) ಒಂದು ತರಗತಿಗೆ ಸೇರಿ. ಜರ್ಮನ್ ಭಾಷೆಯೇ ಆಗಬೇಕೆಂದಿಲ್ಲ, ಹೊಲಿಗೆಯೂ ಆದೀತು. ವಾರವಾರ ಅದೇ ಮುಖಗಳು ಕಾಣುವುದು ಮುಖ್ಯ.

ವಾಪಸ್ ಹೋಗುವ ಮಾತನ್ನು ಆರು ತಿಂಗಳು ಮುಂದೆ ಹಾಕಿ ಎಂದು ನಿಮ್ಮವರಿಗೆ ಹೇಳಿ. ಅಷ್ಟರಲ್ಲಿ ಕರಾರು ತೆಗೆದು ನೋಡಿ: ಇಷ್ಟು ವರ್ಷ ಬಿಡುವಂತಿಲ್ಲ ಎಂಬ ಷರತ್ತು ಕೆಲವದರಲ್ಲಿರುತ್ತದೆ, ಅದು ನಾಲ್ಕು ವರ್ಷದವರೆಗೂ ಇರಬಹುದು. ಅದಿಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಸಾಕು. ಆಗಲೂ ಮನಸ್ಸು ಒಗ್ಗದಿದ್ದರೆ ಮೊದಲು ಬೇರೆ ಮನೆ ಗೊತ್ತುಮಾಡಿಕೊಂಡು ಆಮೇಲೆ ನೋಟಿಸ್ ಕೊಡಿ. ಇಮೇಲ್ ನಡೆಯುವುದಿಲ್ಲ. ಕಾಗದದ ಮೇಲೆ, ಕರಾರಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರ ಸಹಿಯೊಂದಿಗೆ, ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಬೇಕು. ಒಂದು ದಿನ ತಡವಾದರೂ ಇನ್ನೊಂದು ತಿಂಗಳ ಬಾಡಿಗೆ ತೆರಬೇಕಾಗುತ್ತದೆ.